ಹಳ್ಳದ ದಂಡೆ ಯಾರ ಲೆಕ್ಕಕ್ಕೆ?

ಪೇಟೆಗೆ ಹತ್ತಿರವಾದ ತೋಟಗಳು ಸೈಟುಗಳಾಗುತ್ತಿರುವುದು ನಮ್ಮ ಸದಸ್ಯ ಬಾಂಧವರಿಗೆ ಹೊಸ ಸುದ್ದಿಯೇನಲ್ಲ. ಭೂಪರಿವರ್ತನೆಯಾಗುತ್ತದೆ, ಬಡಾವಣೆಯ ನಕ್ಷೆ ತಯಾರಾಗುತ್ತದೆ, ನಕ್ಷೆಯ ಒಂದು ತುಂಡಿಗೆ ಹಸಿರು ಬಣ್ಣ ಬಳಿದು ‘ಉದ್ಯಾನವನ’ ಎಂದು ಬರೆಯಲಾಗುತ್ತದೆ. ಆ ತುಂಡು ಬಹುಮಟ್ಟಿಗೆ ಸೈಟು ಮಾಡಲು ಬಾರದ ಮೂಲೆ, ಇಲ್ಲವೇ ವಿದ್ಯುತ್ ತಂತಿಯ ಕೆಳಗಿನ ಜಾಗ. ಹಳ್ಳದ ದಂಡೆಗೆ ಮಾತ್ರ ಮಣ್ಣು ತುಂಬಿ ಸೈಟಿನ ಸಾಲು ಏಳುತ್ತದೆ. ಕೆಳಗೆ ತೋಟವಿರುವವನಿಗೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಒಣಹಳ್ಳ. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲು ಅವನು ನೀರನ್ನು ಎಲ್ಲಿಂದ ತರಬೇಕು?

ಕಾನೂನಿಗೆ ಕೊರತೆಯಿಲ್ಲ. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಕಾಯಿದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ತಪ್ಪೆಂದು ಸುಪ್ರೀಂ ಕೋರ್ಟು 1991ರಲ್ಲಿ ತೀರ್ಪಿತ್ತಿತು. ಆದರೆ ಇದೆಲ್ಲವೂ ಗುರುತಿಸಿಟ್ಟ ಜಾಗವನ್ನು ಉಳಿಸುವ ಮಾತಾಯಿತು. ಗುರುತಿಸುವಾಗಲೇ ತಪ್ಪಿದರೆ? ಶೇಕಡಾ ಎಷ್ಟು ಬಿಟ್ಟಿದ್ದಾರೆಂದು ಕೇಳುವ ಅಧಿಕಾರಿಗಳು ಎಲ್ಲಿ ಬಿಟ್ಟಿದ್ದಾರೆಂದು ಕೇಳುವುದು ಅಪರೂಪ.

ಈ ವಿಷಯದಲ್ಲಿ ದೂರದ ನ್ಯೂಯಾರ್ಕ್ ನಗರದ ಉದಾಹರಣೆ ನಮಗೆ ಉಪಯುಕ್ತವೆಂದು ತೋರುತ್ತದೆ. ಆ ನಗರದ ಕುಡಿಯುವ ನೀರಿನ ಬಹುಭಾಗ ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಡೆಯಿಂದ ಬರುತ್ತದೆ. ಅಲ್ಲಿರುವವರು ಹೈನುಗಾರಿಕೆಯ ರೈತರು. 1990ರಲ್ಲಿ ನಗರಾಡಳಿತವು ಹಳ್ಳಗಳ ರಕ್ಷಣೆಗೆಂದು ಕಟ್ಟುನಿಟ್ಟಿನ ಕರಡು ನಿಯಮಗಳನ್ನು ಹೊರಡಿಸಿದಾಗ ರೈತರು ತಿರುಗಿಬಿದ್ದರು. ವರ್ಷಗಟ್ಟಲೆ ಮಾತುಕತೆ ನಡೆದು 1997ರ ಜನವರಿಯಲ್ಲಿ ಒಪ್ಪಂದವಾಯಿತು. ಮಾರಲು ಒಪ್ಪಿದವರಿಂದ ಮಾತ್ರ, ಮಾರುಕಟ್ಟೆಯ ನ್ಯಾಯವಾದ ಬೆಲೆಗೆ ಜಮೀನು ಕೊಳ್ಳಬೇಕು. ಕೊಂಡ ಜಮೀನಿನ ತೆರಿಗೆಯನ್ನು ನಗರವೇ ಸ್ಥಳೀಯ ಸಂಸ್ಥೆಗಳಿಗೆ ಕಟ್ಟಬೇಕು. ಯಾವ ಜಮೀನು ಎಂಬುದಕ್ಕೂ ಲಕ್ಷಣಗಳನ್ನು ಬರೆದಿಟ್ಟರು: ಹಳ್ಳದಿಂದ 300 ಅಡಿಯೊಳಗಿನದು, ನೆರೆ ಬರುವ ತಗ್ಗು, ಜೌಗು, ಶೇ. 15ಕ್ಕಿಂತ ಹೆಚ್ಚಿನ ಇಳಿಜಾರು, ಹೀಗೆ. ದಂಡೆಯ ಪಟ್ಟಿಯನ್ನು ಬೇಸಾಯದಿಂದ ಬಿಟ್ಟ ರೈತರಿಗೆ ಬಾಡಿಗೆ ಕೊಡುವ ಯೋಜನೆಯೂ ನಂತರ ಬಂತು. ಸಾವಿರಾರು ಕೋಟಿ ರೂಪಾಯಿ ನುಂಗುವ ಶುದ್ಧೀಕರಣ ಘಟಕ ಕಟ್ಟುವುದಕ್ಕಿಂತ ಇದೇ ಅಗ್ಗವೆಂಬ ಲೆಕ್ಕಾಚಾರವೂ ನಗರಕ್ಕಿತ್ತು, ಧರ್ಮಕಾರ್ಯವೆಂದೇನೂ ಮಾಡಿದ್ದಲ್ಲ.

ನಮ್ಮಲ್ಲಿಯೂ ತಲಕಾವೇರಿಯ ಕೆಳಗಿನ ಕಾಫಿ ತೋಟಗಳ ತೋಡುಗಳನ್ನು ಕೂಡಿಕೊಂಡು ಹರಿಯುವ ನೀರನ್ನೇ ಬೆಂಗಳೂರು 1974ರಿಂದ ಕುಡಿಯುತ್ತಿದೆ. ಪಶ್ಚಿಮ ಘಟ್ಟದ ನದಿಗಳ ನೀರು ಪಡೆಯುವ ಊರುಗಳ ನೀರಿನ ಬಿಲ್ಲಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ಸೇರಿಸುವ ಪ್ರಸ್ತಾವ ಸಿದ್ಧಪಡಿಸುವಂತೆ 2024ರ ನವೆಂಬರಿನಲ್ಲಿ ಅರಣ್ಯ ಸಚಿವರು ಸೂಚಿಸಿದ್ದರು. ಆ ಹಣದಲ್ಲಿ ಒಂದು ಪಾಲು ದಂಡೆಯ ಮರಗಳನ್ನು ಕಾದುಕೊಂಡ ಬೆಳೆಗಾರನಿಗೂ ಸಲ್ಲಬೇಕೆಂಬುದು ನಮ್ಮ ನಿಲುವು.

2013ರ ಕಸ್ತೂರಿರಂಗನ್ ವರದಿ ಬಂದಂದಿನಿಂದ ‘ರಕ್ಷಣೆ’ ಎಂಬ ಮಾತು ಕೇಳಿದರೇ ನಮ್ಮವರು ಪಹಣಿ ಹುಡುಕಲು ಓಡುತ್ತಾರೆ. ಆ ಭಯ ಸುಳ್ಳೆಂದು ನಾವು ಹೇಳಲಾರೆವು. ಕೇಳದೆ, ಕೊಡದೆ, ನಕ್ಷೆಯ ಮೇಲೆ ಗೆರೆ ಎಳೆದರೆ ಯಾರಿಗಾದರೂ ಭಯವಾಗುತ್ತದೆ. ಆದರೆ ಅದೇ ಭಯದಿಂದ ಬಡಾವಣೆಯವರು ಹಳ್ಳ ಮುಚ್ಚುವಾಗಲೂ ಸುಮ್ಮನಿದ್ದರೆ ನಷ್ಟ ನಮಗೇ.

ಆದುದರಿಂದ ಪಂಚಾಯಿತಿ, ಪುರಸಭೆಗಳು ಆಷಾಢದ ಮಳೆಯಲ್ಲಿ ಒಮ್ಮೆ ಹಳ್ಳದುದ್ದಕ್ಕೂ ನಡೆದು, ನೀರು ಏರುವ ಮಟ್ಟವನ್ನು ಗುರುತು ಹಾಕಿಕೊಂಡು, ಉದ್ಯಾನದ ಪಾಲನ್ನು ಮೊದಲು ಅಲ್ಲಿಯೇ ಬಿಡಿಸಿಕೊಳ್ಳಲಿ. ಆಮೇಲೆ ಸೈಟಿನ ಗೆರೆ ಎಳೆಯಲಿ. ಬಡಾವಣೆಯಾಗದ ತೋಟದಲ್ಲಿ ದಂಡೆ ಬೇಕಾದರೆ ಬೆಲೆಯನ್ನೋ ವಾರ್ಷಿಕ ಬಾಡಿಗೆಯನ್ನೋ ಮಾತಾಡಿ ಪಡೆಯಲಿ. ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕಾನೂನಿನಲ್ಲೇ ಅವಕಾಶವಿದೆ. ಸದಸ್ಯರು ತಮ್ಮ ಸರ್ವೆ ನಂಬರು, ಪಕ್ಕದ ಹಳ್ಳದ ಹೆಸರು ಬರೆದು ಅರ್ಜಿ ಕೊಡಬೇಕೆಂದು ಕೋರುತ್ತೇವೆ.