ಹಗ್ಗ ಕಟ್ಟಿ ಸ್ಪ್ರಿಂಗ್ ಬಿಚ್ಚೋದು ಡೇರಿಂಗ್ ಅಲ್ಲ

1/4
ದೋಸ್ತ್ರೇ, ಹಿಂದಿನ ಶಾಕಪ್ ಸ್ಪ್ರಿಂಗಿಗೆ ಕೆಂಪು ಬಣ್ಣ ಹೊಡಿಬೇಕಂತ ಹಗ್ಗ, ಸ್ಕ್ರೂಡ್ರೈವರ್ ಹಿಡ್ಕೊಂಡು ಕುಂದ್ರತೀರಲ್ಲ, ಅದಕ್ಕ ಜುಗಾಡ್ ಅನ್ಬ್ಯಾಡ್ರಿ. ಹುಚ್ಚುತನ ಅದು. ನಾನೂ ಮಾಡೀನಿ. ಹಗ್ಗ ಜಾರ್ತು, ಸ್ಪ್ರಿಂಗ್ ಹಾರಿ ಗ್ವಾಡಿ ಗಿಲಾವ್ ಕಿತ್ತು ಬಿತ್ತು. ಅದೇ ಜಾಗದಾಗ ಕುಂತಿದ್ದ ನನ್ನ ತಮ್ಮ ಆಗಷ್ಟೇ ಎದ್ದು ಹೋಗಿದ್ದ.

2/4
‘ಗಾಡಿಯಿಂದ ಬಿಚ್ಚಿದ ಮ್ಯಾಲ ಏನ್ ಜೋರ್ ಇರ್ತದ?’ ಅಂತೀರಿ. ಬಿಕಾಂ ಓದ್ತೀವಿ, ಲೆಕ್ಕ ಹಾಕ್ರಿ: 1 ಮಿ.ಮೀ. ಒತ್ತಲಿಕ್ಕ 2 ಕೆ.ಜಿ. ಬೇಕಾದ್ರ, 20 ಮಿ.ಮೀ. ಒತ್ತಿ ಕೂಡಿಸಿದ ಸ್ಪ್ರಿಂಗಿನಾಗ 40 ಕೆ.ಜಿ. ಜೋರ್ ಕುಂತಿರ್ತದ. ಒಂದು ಕಣ್ಣು ಹೋಗಲಿಕ್ಕ ಇಷ್ಟು ಸಾಲಲ್ಲೇನು?

3/4
ಸರಿ ರೀತಿ ಇದು. ಗಾಡಿ ಡಬಲ್ ಸ್ಟ್ಯಾಂಡ್ ಹಾಕ್ರಿ, ಒಂದೊಂದೇ ಶಾಕಪ್ ಬಿಚ್ರಿ. ಅಡ್ಜಸ್ಟರ್ ಪೂರ್ತಿ ಸಾಫ್ಟಿಗೆ ತಿರುಗಸ್ರಿ. ಸ್ಪ್ರಿಂಗ್ ಕಂಪ್ರೆಸರ್ ಎದುರುಬದುರು ಹಚ್ಚಿ, ಎರಡೂ ಬದಿ ಸಮ ಬಿಗಿ ಮಾಡ್ರಿ. ಲಾಕ್ ಸಡಿಲಾದ ಮ್ಯಾಲೇ ತೆಗೀರಿ. ಕಣ್ಣಿಗೆ ಕನ್ನಡಕ ಇರಲಿ, ಮುಖ ಅದರ ನೇರಕ್ಕ ಬ್ಯಾಡ. ಗ್ಯಾಸ್ ಡಬ್ಬಿ ಇದ್ರ ಬಿಚ್ಚಲೇಬ್ಯಾಡ್ರಿ. ಹಳೇ ಬಣ್ಣ ಬೆಂಕಿಯಿಂದ ಸುಡಬ್ಯಾಡ್ರಿ, ಉಕ್ಕಿನ ಹದ ಹೋಗ್ತದ.

4/4
‘ಔರಾದ್, ಭಾಲ್ಕಿದಾಗ ಕಂಪ್ರೆಸರ್ ಎಲ್ಲಿ ಸಿಗ್ತದ?’ ಸಿಗದಿದ್ರ ಶಾಕಪ್ ಚೀಲದಾಗ ಹಾಕ್ಕೊಂಡು ಬೀದರ್ ಬಸ್ ಹತ್ರಿ, ಟೂಲ್ ಇರೋ ಗ್ಯಾರೇಜ್ ಹುಡುಕ್ರಿ. ಅದೂ ಆಗಲ್ಲಂದ್ರ ಬಿಚ್ಚಲೇಬ್ಯಾಡ್ರಿ, ರಾಡಿಗೆ, ರಬ್ಬರಿಗೆ ಟೇಪ್ ಸುತ್ತಿ ಹಂಗೇ ಬಣ್ಣ ಹೊಡೀರಿ. ನಮ್ಮೂರ ಬಿದ್ರಿ ಕೆಲಸದವರು ಒಂದು ಕಪ್ಪು ಬಣ್ಣಕ್ಕ ಕ್ವಾಟಿ ಮಣ್ಣ ಹುಡುಕಿ ತರ್ತಾರ. ನಮಗ ಒಂದು ಟೂಲ್ ಹುಡುಕೋ ತಾಳ್ಮಿ ಇಲ್ಲೇನು?

#ಬೀದರ್ #ಭಾಲ್ಕಿ #ಔರಾದ್ #ಹಗ್ಗಬ್ಯಾಡ