ಅಭಿಷೇಕದ ಹಾಲು, ಎಮ್ಮೆಯ ಗಂಡುಕರು

ಪರ್ಯೂಷಣ ಸಮೀಪಿಸಿದೊಡನೆ ಕಸಾಯಿಖಾನೆಗಳನ್ನು ಮುಚ್ಚಿಸಬೇಕೆಂಬ ಮನವಿಪತ್ರಗಳು ಸಿದ್ಧವಾಗುತ್ತವೆ. ಅಹಮದಾಬಾದಿನ ಒಂಬತ್ತು ದಿನಗಳ ನಿರ್ಬಂಧವನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲಂತೂ ಅವಕ್ಕೆ ಕಾನೂನಿನ ಬಲವೂ ಇದೆ. ದಿಲ್ಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿದ ಶ್ರಾವಕನಿಗೆ ಸಹಿ ಹಾಕುವುದು ಸುಲಭ. ಆದರೆ ಕಸಾಯಿಖಾನೆಯ ಪ್ರಾಣಿ ಎಲ್ಲಿಂದ ಬಂತು ಎಂದು ಮನವಿಪತ್ರ ಕೇಳುವುದಿಲ್ಲ. ಕೇಳಿದರೆ ಉತ್ತರವು ಅಡುಗೆಮನೆಯ ಹಾಲಿನ ಪಾತ್ರೆಗೂ ಬಸದಿಯ ಕಲಶಕ್ಕೂ ಬಂದು ಮುಟ್ಟುತ್ತದೆ.

ಪೂರ್ವ ದಿಲ್ಲಿಯ ಗಾಜೀಪುರವನ್ನೇ ನೋಡಬಹುದು. 1984ರಿಂದ ಬೆಳೆದ ಕಸದ ಬೆಟ್ಟ, ಅದರ ಮಗ್ಗುಲಲ್ಲಿ ಡೈರಿ ಕಾಲೊನಿ, 2009ರಲ್ಲಿ ಈದ್‌ಗಾಹ್‌ನಿಂದ ಸ್ಥಳಾಂತರಗೊಂಡ ಕಸಾಯಿಖಾನೆ, ಈ ಮೂರೂ ಅಲ್ಲಿ ನೆರೆಹೊರೆ. ರಾಜಧಾನಿಯ ಒಂಬತ್ತು ಡೈರಿ ಕಾಲೊನಿಗಳ ದುಃಸ್ಥಿತಿಯನ್ನು 2024ರಲ್ಲಿ ವಿಚಾರಿಸಿದ ದಿಲ್ಲಿ ಹೈಕೋರ್ಟ್, ಗಾಜೀಪುರ ಮತ್ತು ಭಲ್ಸ್ವಾಗಳ ದನಗಳು ಅಪಾಯಕಾರಿ ತ್ಯಾಜ್ಯ ತಿನ್ನುವುದರಿಂದ ಆ ಡೈರಿಗಳನ್ನು ಅಲ್ಲಿಂದ ಸರಿಸಬೇಕೆಂಬ ನಿಲುವು ತಾಳಿತು. ಆಕ್ಸಿಟೋಸಿನ್ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅಪರಾಧವೆಂದು ಹೇಳಿ, ವಾರಕ್ಕೊಮ್ಮೆ ತಪಾಸಣೆ ನಡೆಸಲು ಆದೇಶಿಸಿತು.

ಆ ಸೂಜಿಯಾದರೂ ಏಕೆ ಬೇಕಾಯಿತು? ಕರು ಕೆಚ್ಚಲಿಗೆ ಬಾಯಿಟ್ಟರೆ ಎಮ್ಮೆ ತಾನಾಗಿ ಹಾಲಿಳಿಸುತ್ತದೆ. ನಗರದ ಕೊಟ್ಟಿಗೆಯಲ್ಲಿ ಗಂಡುಕರುವಿಗೆ ಬೆಲೆಯಿಲ್ಲ. ಅದು ಕುಡಿದಷ್ಟೂ ಮಾರಾಟಕ್ಕೆ ನಷ್ಟ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಸಾಕಷ್ಟು ಗಿಣ್ಣುಹಾಲು ಸಿಗದ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದಿಲ್ಲ. ಭೇದಿಯೋ ನ್ಯುಮೋನಿಯಾವೋ ಅದನ್ನು ಮುಗಿಸುತ್ತದೆ. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವುದೂ ಉಂಟು. ಅದಕ್ಕೂ ಎಮ್ಮೆ ಮೋಸಹೋಗದಿದ್ದರೆ ಸೂಜಿ. ಬದುಕುಳಿದ ಗಂಡುಕರುವಿನ ದಾರಿ ಮಾಂಸದ ಕಡೆಗೆ. ಅಂಥ ಕರುಗಳನ್ನು ಉಳಿಸಿ ಮಾಂಸಕ್ಕಾಗಿ ಬೆಳೆಸಲು ಕೇಂದ್ರ ಸರ್ಕಾರವೇ ಯೋಜನೆ ರೂಪಿಸಿತ್ತು. ಗೋಮಾಂಸದ ರಫ್ತು ನಿಷಿದ್ಧ. ಎಮ್ಮೆಮಾಂಸದ ರಫ್ತಿನಲ್ಲಿ ಭಾರತ ಲೋಕದ ಮುಂಚೂಣಿಯಲ್ಲಿದೆ. ದಿಲ್ಲಿಯ 1994ರ ಜಾನುವಾರು ಸಂರಕ್ಷಣಾ ಕಾಯಿದೆಯೂ ಹಸು, ಕರು, ಹೋರಿ, ಎತ್ತುಗಳನ್ನು ಕಾಯ್ದು ಎಮ್ಮೆಯನ್ನು ಹೊರಗಿಟ್ಟಿದೆ. ರಾಜಕಾರಣಕ್ಕೆ ಈ ಭೇದ ಅನುಕೂಲವಿರಬಹುದು. ಎರಡನ್ನೂ ಪಂಚೇಂದ್ರಿಯ ಜೀವಿಗಳೆಂದು ಎಣಿಸುವ ಧರ್ಮದವರು ಅದನ್ನು ಮೌನವಾಗಿ ಒಪ್ಪಿಕೊಂಡದ್ದು ಹೇಗೆ?

ದಶಲಕ್ಷಣ ಪರ್ವದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಕೇಳದ ಶ್ರಾವಕರು ವಿರಳ. ಅಹಿಂಸಾಣುವ್ರತದ ಅತಿಚಾರಗಳು ಅಲ್ಲಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಕೋಲು ಚಾಟಿಗಳಿಂದ ಹೊಡೆಯುವುದು ಎಂದು ಟೀಕಾಕಾರರು ಬಿಡಿಸಿ ಹೇಳಿದ್ದಾರೆ. ಕೊಲೆಯನ್ನು ವ್ರತವೇ ತ್ಯಜಿಸಿದೆ. ಈ ಐದೂ ಕೊಲ್ಲದವನಿಗೆ, ಕೊಟ್ಟಿಗೆಯಲ್ಲಿ ದನ ಕಟ್ಟಿದವನಿಗೆ ಹೇಳಿದ ಮಾತುಗಳು. ತಾಯಿಯ ಹಾಲು ತಪ್ಪಿದ ಕರು ಅನ್ನಪಾನನಿರೋಧವಲ್ಲದೆ ಮತ್ತೇನು? ಹಾಲನ್ನು ಕೊಂಡವನು ಕೈತೊಳೆದುಕೊಂಡು ಮಾಂಸ ಕಡಿಯುವವನತ್ತ ಮಾತ್ರ ಬೆರಳು ತೋರುವುದು ವಂಚನೆ.

ಗೋಶಾಲೆಗೆ ದಾನ ಕೊಡುತ್ತೇವಲ್ಲ ಎಂಬ ಉತ್ತರ ಸದಾ ಸಿದ್ಧ. 2018ರ ಜುಲೈಯಲ್ಲಿ ದಿಲ್ಲಿಯ ಘುಮ್ಮನ್‌ಹೇಡಾ ಗ್ರಾಮದ ಗೋಶಾಲೆಯಲ್ಲಿ 36 ಹಸುಗಳು ಸತ್ತು ಬಿದ್ದಿದ್ದವು. ಮೇವು, ನೀರು, ಒಣನೆಲ, ಪಶುವೈದ್ಯ, ಇವು ರಸೀದಿ ಪುಸ್ತಕದಿಂದ ಹುಟ್ಟುವುದಿಲ್ಲ. ಎಮ್ಮೆಯ ಕರುವಿಗಂತೂ ಗೋಶಾಲೆಯ ಬಾಗಿಲೂ ದುರ್ಲಭ.

ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಥೆ ಎಲ್ಲರಿಗೂ ಗೊತ್ತು. ಚಾವುಂಡರಾಯನ ಕೊಡಗಟ್ಟಲೆ ಹಾಲು ಬಾಹುಬಲಿಯ ಸೊಂಟದಿಂದ ಕೆಳಗಿಳಿಯಲಿಲ್ಲ. ಅಜ್ಜಿಯ ಪುಟ್ಟ ಗುಳ್ಳಕಾಯಿಯ ಹಾಲು ಪಾದ ಮುಟ್ಟಿತು. ಆ ಕಥೆಯನ್ನು ಹೇಳುತ್ತಲೇ ಸವಾಲು ಕೂಗಿ ಕೊಡಗಳ ಲೆಕ್ಕ ಹಿಡಿಯುವ ಸಮಾಜಕ್ಕೆ ಹಾಲಿನ ಮೂಲವನ್ನು ಕೇಳುವ ವ್ಯವಧಾನವಿಲ್ಲ. ರಾಜಧಾನಿ ಪ್ರದೇಶದಲ್ಲಿ ಹಾಲಿನ ಅಭಿಷೇಕ ನಡೆಸುವ ಪ್ರತಿಯೊಂದು ಸಮಿತಿಯೂ ಆ ಹಾಲು ಯಾವ ಕೊಟ್ಟಿಗೆಯದು, ಅಲ್ಲಿ ವರ್ಷದಲ್ಲಿ ಎಷ್ಟು ಕರು ಹುಟ್ಟಿದವು, ಗಂಡುಕರುಗಳು ಈಗ ಎಲ್ಲಿವೆ ಎಂಬುದನ್ನು ಸೂಚನಾಫಲಕದಲ್ಲಿ ಬರೆದು ಹಾಕಲಿ. ಬರೆಯಲಾಗದವರು ಜಲಾಭಿಷೇಕ ಮಾಡಲಿ.