ಊರಿಗೆಲ್ಲ ಗೊತ್ತಿರುವ ಗುಟ್ಟು

ಪ್ರತಿ ಡಿಸೆಂಬರಿನಲ್ಲಿ ನಮ್ಮ ಪೊಲೀಸರು ‘ಅಪರಾಧ ತಡೆ ಮಾಸಾಚರಣೆ’ ನಡೆಸುತ್ತಾರೆ. ಶಾಲೆ ಮಕ್ಕಳ ಕೈಗೆ ಫಲಕ ಕೊಟ್ಟು ಜಾಥಾ ಹೊರಡಿಸುತ್ತಾರೆ. ಓಟಿಪಿ ಯಾರಿಗೂ ಹೇಳಬೇಡಿ, ಒಡವೆ ಹಾಕಿಕೊಂಡು ಒಬ್ಬರೇ ಓಡಾಡಬೇಡಿ, ಅಪರಿಚಿತರು ಕಂಡರೆ 112ಕ್ಕೆ ಕರೆ ಮಾಡಿ. ಒಳ್ಳೆಯ ಮಾತುಗಳೇ, ಬೇಡವೆನ್ನಲು ಏನೂ ಇಲ್ಲ. ಆದರೆ ಈ ಉಪದೇಶದಲ್ಲಿ ಬರುವ ಅಪರಾಧಿ ಯಾವಾಗಲೂ ಹೊರಗಿನವನು, ಮುಖ ಗೊತ್ತಿಲ್ಲದವನು. ಹಳ್ಳಿಯಲ್ಲಿ ಹುಟ್ಟಿ ಬೆಳೆದ ಯಾರನ್ನಾದರೂ ಕೇಳಿ ನೋಡಿ. ಅಲ್ಲಿ ನಡೆಯುವ ದೊಡ್ಡ ಅಪರಾಧಗಳಿಗೆ ಮುಖ, ಹೆಸರು, ಬೀದಿ, ಮನೆತನ ಎಲ್ಲವೂ ಇರುತ್ತದೆ. ನಡೆಯುವ ಮುಂಚೆಯೇ ಅದರ ಸುದ್ದಿ ಟೀ ಅಂಗಡಿಯಲ್ಲಿ, ಡೈರಿಯ ಮುಂದೆ ಹರಿದಾಡಿರುತ್ತದೆ. ‘ಮಾಹಿತಿ ಕೊಡಿ’ ಎಂದು ಕೇಳುವವರು ಮಾಹಿತಿಯೇ ಕೊರತೆ ಎಂದುಕೊಂಡಿದ್ದಾರೆ. ಊರಿನಲ್ಲಿ ಗೊತ್ತಿಲ್ಲದ್ದು ಕಡಿಮೆ; ಹೇಳಿದವನ ಗತಿ ಏನಾಗುತ್ತದೆ ಎಂಬುದೂ ಎಲ್ಲರಿಗೆ ಗೊತ್ತು.

ನಂಜನಗೂಡು ತಾಲ್ಲೂಕಿನ ಬದನವಾಳನ್ನೇ ತೆಗೆದುಕೊಳ್ಳಿ. ಸಿದ್ಧೇಶ್ವರ ದೇವಸ್ಥಾನಕ್ಕೆ ದಲಿತರ ಪ್ರವೇಶದ ವಿಚಾರದಲ್ಲಿ ಊರು ಕುದಿಯಿತು. 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಅದು ಕತ್ತಲಲ್ಲಿ ಬಂದ ಅಪರಿಚಿತರ ಕೆಲಸವಾಗಿರಲಿಲ್ಲ. ದೇವಸ್ಥಾನದ ಬಾಗಿಲಿನ ತಕರಾರು ಗುಟ್ಟಾಗಿ ಬೆಳೆಯುವಂಥದ್ದಲ್ಲ. ಅದಕ್ಕೆ ಸಭೆ ಸೇರುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ, ಕೂಲಿಗೆ ಕರೆಯುವುದು ನಿಲ್ಲುತ್ತದೆ. ಇಷ್ಟೆಲ್ಲ ಕಣ್ಣೆದುರು ನಡೆಯುವಾಗ ‘ಊರ ಜಗಳ, ಊರಲ್ಲೇ ಸರಿಹೋಗುತ್ತದೆ’ ಎನ್ನುವವರು ಪ್ರತಿ ಊರಿನಲ್ಲೂ ಇರುತ್ತಾರೆ, ಮತ್ತು ಅವರನ್ನು ನಾವು ‘ದೊಡ್ಡವರು’ ಎನ್ನುತ್ತೇವೆ.

ಕೊಲೆಯಷ್ಟೇ ನನ್ನನ್ನು ಕಾಡುವುದು ಆಮೇಲಿನ ರಸ್ತೆಯ ಕಥೆ. ಗಲಭೆಯ ನಂತರ ಲಿಂಗಾಯತರ ಬೀದಿಗೂ ದಲಿತರ ಬೀದಿಗೂ ನಡುವೆ ಇದ್ದ ರಸ್ತೆ ಮುಚ್ಚಿಹೋಯಿತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ಭಾರತ್ ಜೋಡೋ ಯಾತ್ರೆ ಆ ಊರಿಗೆ ಬಂದಾಗ. ರಾಹುಲ್ ಗಾಂಧಿ ಬಂದರು, ನೆಲಕ್ಕೆ ಹೊಸ ಹಾಸು ಬಿತ್ತು, ಎರಡೂ ಬೀದಿಯವರು ಒಟ್ಟಿಗೆ ಊಟ ಮಾಡಿದರು. ಸಂತೋಷ. ಆದರೆ ಲೆಕ್ಕ ಹಾಕಿ: 29 ವರ್ಷ. ಅಷ್ಟು ಕಾಲ ಪಂಚಾಯ್ತಿ ಸದಸ್ಯರು ಬದಲಾದರು, ಪಿಡಿಒಗಳು, ತಹಸೀಲ್ದಾರರು ಬಂದು ಹೋದರು, ಶಾಸಕರು ಮತ ಕೇಳಲು ಎರಡೂ ಬೀದಿಗೆ ಸುತ್ತು ಹಾಕಿಕೊಂಡೇ ಹೋಗಿರಬೇಕು. ಒಂದು ದಾರಿ ತೆರೆಯಲು ದೆಹಲಿಯ ಒಬ್ಬರು ನಡೆದು ಬರಬೇಕಾಯಿತು ಎಂದರೆ, ನಮ್ಮ ಸ್ಥಳೀಯ ಆಡಳಿತದ ಬಗ್ಗೆ ಅದಕ್ಕಿಂತ ಕಟುವಾದ ವರದಿ ಬೇರೆ ಬೇಕೆ?

ಸಾಹಿತ್ಯದವರಾದ ನಾವೂ ಇದರಲ್ಲಿ ಪಾಲುದಾರರು. ಬದನವಾಳು ಎಂದರೆ ನಮಗೆ ಮೊದಲು ನೆನಪಾಗುವುದು ಖಾದಿ, 1927ರಲ್ಲಿ ಗಾಂಧಿ ಬಂದು ಹೋದ ನೂಲಿನ ಕೇಂದ್ರ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿ ಸತ್ಯಾಗ್ರಹಕ್ಕೆ ಕೂತಾಗ ನಾಡಿನ ಎಷ್ಟೋ ಲೇಖಕರು, ವಿದ್ಯಾರ್ಥಿಗಳು ಆ ಊರಿನ ಹೆಸರು ಹೇಳಿದರು. ಆ ಪ್ರಯತ್ನ ದೊಡ್ಡದೇ. ಆದರೆ ಚರಕದ ಊರನ್ನು ಕೊಂಡಾಡಿದಷ್ಟು ಸಲೀಸಾಗಿ ಮುಚ್ಚಿದ ರಸ್ತೆಯ ಊರನ್ನು ನಾವು ನೆನೆಯಲಿಲ್ಲ. ನಮ್ಮ ಕಥೆಗಳಲ್ಲಿ ಅರಳಿಕಟ್ಟೆಯ ನ್ಯಾಯಕ್ಕೆ ಇಂದಿಗೂ ಒಂದು ತಂಪು ನೆರಳಿದೆ. ಆ ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಯಾರು ಕೆಳಗೆ ಕೈಕಟ್ಟಿ ನಿಲ್ಲುತ್ತಾರೆ ಎಂಬುದನ್ನು ಕಥೆ ಓದುವ ಭರದಲ್ಲಿ ಮರೆಯುತ್ತೇವೆ.

ಅದೇ ತಾಲ್ಲೂಕಿನ ಹಲ್ಲರೆಯಲ್ಲಿ 2020ರ ನವೆಂಬರಿನಲ್ಲಿ ಒಬ್ಬ ಕ್ಷೌರಿಕ ಬಾಯಿಬಿಟ್ಟ. ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ತನಗೆ 50 ಸಾವಿರ ರೂಪಾಯಿ ದಂಡ ಹಾಕಿದ್ದಾರೆ, ಕುಟುಂಬಕ್ಕೆ ಬಹಿಷ್ಕಾರ ಹಾಕಿದ್ದಾರೆ ಎಂಬುದು ಅವನ ದೂರು. ಈ ದಂಡ ಎಂಬ ಪದ್ಧತಿಯನ್ನು ಸ್ವಲ್ಪ ನೋಡಿ. ಅದಕ್ಕೆ ರಸೀದಿ ಇಲ್ಲ, ಮೇಲ್ಮನವಿ ಇಲ್ಲ. ಕಟ್ಟದಿದ್ದರೆ ಅಂಗಡಿಯಲ್ಲಿ ಸಾಮಾನಿಲ್ಲ, ಹೊಲದಲ್ಲಿ ಕೆಲಸವಿಲ್ಲ, ಮದುವೆ ಮನೆಗೆ ಕರೆಯಿಲ್ಲ, ಸಾವಿಗೆ ಹೆಗಲಿಲ್ಲ. ಲಾಠಿಯಿಲ್ಲದೆ, ರಕ್ತ ಕಾಣದೆ ಒಂದು ಕುಟುಂಬವನ್ನು ಮುಗಿಸಬಹುದು. ಮಾಸಾಚರಣೆಯ ಫಲಕಗಳಲ್ಲಿ ಇದು ಯಾಕೆ ಬರುವುದಿಲ್ಲ? ‘ಬಹಿಷ್ಕಾರ ಹಾಕಿದರೆ 112ಕ್ಕೆ ಕರೆ ಮಾಡಿ’ ಎಂಬ ಫಲಕ ಹಿಡಿದ ಮಗುವನ್ನು ಯಾರಾದರೂ ಕಂಡಿದ್ದರೆ ಹೇಳಿ.

ಹೇಳಿದವರ ಗತಿಗೆ ಕಂಬಾಲಪಲ್ಲಿಯೇ ಸಾಕ್ಷಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ವಿಚಾರಣಾ ನ್ಯಾಯಾಲಯದಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ‘ಪ್ರತಿಕೂಲ ಸಾಕ್ಷಿ’ ಎನ್ನುತ್ತದೆ ಕೋರ್ಟಿನ ಭಾಷೆ. ಆ ಪದ ಕೇಳಿದರೆ ದುಡ್ಡಿಗೆ ಮಾತು ಮಾರಿದವನ ಚಿತ್ರ ಕಣ್ಣಮುಂದೆ ಬರುತ್ತದೆ. ವರ್ಷಗಟ್ಟಲೆ ಅದೇ ಊರಿನಲ್ಲಿ, ಆರೋಪಿಗಳ ಜಮೀನಿನ ಬದುವಿನ ಮೇಲೆಯೇ ದಿನಾ ನಡೆದು ಹೋಗುವ ಕೂಲಿಯ ಚಿತ್ರ ಯಾಕೆ ಬರಬಾರದು? ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಕಂಬಾಲಪಲ್ಲಿಗೆ ಅದು ತಡವಾಯಿತು.

ಹಾಗಾದರೆ ಹೇಳಬೇಕಾದವರು ಯಾರು? ಕಾನೂನಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ, ಮತ್ತು ಅದನ್ನು ಯಾರೂ ಓದಿ ಹೇಳುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 34ನೇ ಸೆಕ್ಷನ್ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 40ನೆಯದು, ಅಂದರೆ 1993ರಲ್ಲೂ ಇತ್ತು) ಪ್ರಕಾರ ಗ್ರಾಮದ ಆಡಳಿತದಲ್ಲಿರುವ ಪ್ರತಿಯೊಬ್ಬ ಅಧಿಕಾರಿಯೂ ಊರಿನಲ್ಲಿ ಅಥವಾ ಊರ ಹತ್ತಿರ ಜಾಮೀನುರಹಿತ ಅಪರಾಧ ನಡೆದರೆ, ನಡೆಸುವ ಉದ್ದೇಶವಿದ್ದದ್ದು ತಿಳಿದರೂ, ತಕ್ಷಣ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ತಿಳಿಸಬೇಕು. ಇಲ್ಲಿ ಅಧಿಕಾರಿ ಎಂದರೆ ಪಂಚಾಯ್ತಿ ಸದಸ್ಯರೂ ಸೇರುತ್ತಾರೆ ಎಂದು ಅದೇ ಸೆಕ್ಷನ್ ವಿವರಿಸುತ್ತದೆ. ತಿಳಿಸದೆ ಸುಮ್ಮನಿದ್ದರೆ ಆರು ತಿಂಗಳವರೆಗೆ ಸಜೆ ಆಗಬಹುದು. ದೌರ್ಜನ್ಯ ತಡೆ ಕಾಯಿದೆಯ 4ನೇ ಸೆಕ್ಷನ್ ಬೇರೆ ಇದೆ: ಕರ್ತವ್ಯವನ್ನು ಬೇಕೆಂದೇ ಮರೆಯುವ, ಪರಿಶಿಷ್ಟರಲ್ಲದ ಸರ್ಕಾರಿ ನೌಕರನಿಗೆ ಅದರಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಶಿಕ್ಷೆ.

ಹೀಗಿದ್ದೂ ದೂರಿನ ಭಾರವನ್ನೆಲ್ಲ ಏಟು ತಿಂದವನ ತಲೆಗೇ ಕಟ್ಟುತ್ತೇವೆ. ಅವನು ಠಾಣೆಯ ಮೆಟ್ಟಿಲು ಹತ್ತಬೇಕು, ಜಾತಿ ಪ್ರಮಾಣಪತ್ರ ತರಬೇಕು, ಸಾಕ್ಷಿ ಹುಡುಕಬೇಕು, ಆಮೇಲೆ ಕತ್ತಲಾಗುವ ಮುಂಚೆ ಅದೇ ಊರಿಗೆ ಹಿಂತಿರುಗಬೇಕು. ಅಲ್ಲಿ ಯಜಮಾನರು ಕಾದಿರುತ್ತಾರೆ. ‘ಯಾಕಪ್ಪ ಸ್ಟೇಷನ್ನಿಗೆ ಹೋದೆ, ನಾವಿರಲಿಲ್ವ?’ ಇದರಲ್ಲಿ ಪ್ರೀತಿ ಎಷ್ಟು, ಬೆದರಿಕೆ ಎಷ್ಟು ಎಂದು ಅಳೆಯುವ ತಕ್ಕಡಿ ಅವನ ಬಳಿ ಇರುವುದಿಲ್ಲ. ರಾಜಿ ಆಗುತ್ತದೆ. ಊರು ‘ನೆಮ್ಮದಿ’ಯಾಗಿದೆ ಎಂದು ಠಾಣೆಯ ದಾಖಲೆ ಹೇಳುತ್ತದೆ.

‘ಸುಳ್ಳು ಕೇಸು ಹಾಕುತ್ತಾರೆ’ ಎಂಬ ಮಾತು ಈ ಹೊತ್ತಿಗೆ ಬಂದೇ ಬರುತ್ತದೆ. ಸುಳ್ಳಾದರೆ ತನಿಖೆ ಇದೆ, ನ್ಯಾಯಾಲಯ ಇದೆ. ಸುಳ್ಳು ದೂರಿಗೆ ಹೆದರುವವರಿಗೆ ಪಂಚಾಯ್ತಿ ಸದಸ್ಯರೇ ಮೊದಲು ವರದಿ ಕೊಡುವ ವ್ಯವಸ್ಥೆ ಇನ್ನೂ ಹೆಚ್ಚು ಬೇಕು. ಆಗ ಎರಡು ಕಡೆಗೂ ಸೇರದ ಒಂದು ದಾಖಲೆ ಉಳಿಯುತ್ತದೆ. ಅದನ್ನು ಬೇಡವೆನ್ನುವವರಿಗೆ ನಿಜವಾಗಿ ಭಯ ಯಾವುದರದು ಎಂದು ಕೇಳಲೇಬೇಕು.

ಸದಸ್ಯರೆಲ್ಲ ನಾಳೆಯೇ ಠಾಣೆಗೆ ಓಡುತ್ತಾರೆಂದು ನಾನೇನೂ ನಂಬಿಲ್ಲ. ಮತ ಹಾಕಿದವರ ವಿರುದ್ಧ ವರದಿ ಬರೆಯುವುದು ಎಂಥ ಕಷ್ಟ ಎಂದು ಎಲ್ಲರಿಗೂ ಗೊತ್ತು. ಆದರೆ ಈ ಡಿಸೆಂಬರಿನಲ್ಲಿ ಮಕ್ಕಳ ಜಾಥಾದ ಬದಲು ಗ್ರಾಮಸಭೆಯಲ್ಲಿ ಠಾಣಾಧಿಕಾರಿ ನಿಂತು, ಸದಸ್ಯರ ಮುಖ ನೋಡಿಕೊಂಡು ಆ 34ನೇ ಸೆಕ್ಷನ್ ಗಟ್ಟಿಯಾಗಿ ಓದಬಹುದು. ಐದು ನಿಮಿಷದ ಕೆಲಸ. ಓದುವ ಹುಡುಗ ಹುಡುಗಿಯರೂ ಒಂದು ಕೆಲಸ ಮಾಡಬಹುದು. ನಿಮ್ಮ ಊರಿನ ಠಾಣೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಕಳೆದ ಐದು ವರ್ಷಗಳಲ್ಲಿ ಪಂಚಾಯ್ತಿ ಸದಸ್ಯರಿಂದ ಈ ಸೆಕ್ಷನ್ ಅಡಿ ಎಷ್ಟು ವರದಿ ಬಂದಿವೆ ಎಂದು ಕೇಳಿ. ಶುಲ್ಕ 10 ರೂಪಾಯಿ. ಬಂದ ಉತ್ತರವನ್ನು ಪಂಚಾಯ್ತಿ ಕಚೇರಿಯ ಫಲಕಕ್ಕೆ ಅಂಟಿಸಿ.